ಕೆಂಪು ಚುಕ್ಕಿಗೆ ಕಂದು ಪಟ್ಟಿ

ಹಿರಿಸೊಸೆಗೆ ಸಿಟ್ಟಿದ್ದದ್ದು ಪಿಸ್ತೂಲಿನ ಮೇಲೆ. ಬ್ಯಾಂಕಿಗೆ ಹಣ ಸಾಗಿಸುವ ವ್ಯಾನಿನ ಮುಂದಿನ ಸೀಟಿನಲ್ಲಿ ಕಾವಲು ಕೂತೂ ಕೂತೂ ಅವಳ ಕೂದಲು ನರೆಯತೊಡಗಿತ್ತು. ಅಷ್ಟು ವರ್ಷವೂ ಗುರಿ ಹಿಡಿಯಲು ಒಂದೇ ಕ್ರಮ: ಎಡಗಣ್ಣು ಮುಚ್ಚು, ಹಿಂದಿನ ಕಬ್ಬಿಣದ ಸೀಳಿನಲ್ಲಿ ಮುಂದಿನ ಕಬ್ಬಿಣದ ಮೊನೆ ಕೂರಿಸು, ಮೊನೆಯನ್ನೇ ನೋಡು, ಒತ್ತು. ಈಗ ಕಂಪನಿಯವರು ಬೆನ್ನ ಮೇಲೆ ಪುಟ್ಟ ಗಾಜಿನ ಕಿಟಕಿ ಹೊತ್ತ ಹೊಸ ಪಿಸ್ತೂಲು ಕೊಟ್ಟಿದ್ದರು. ಕಿಟಕಿಯಲ್ಲೊಂದು ಕೆಂಪು ಚುಕ್ಕಿ. ಚುಕ್ಕಿ ಎಲ್ಲೋ ಗುಂಡು ಅಲ್ಲಿಗೆ. ಹೇಳುವುದಕ್ಕೇನು, ಇಷ್ಟೇ.

ಆದರೆ ಎತ್ತಿ ಹಿಡಿದರೆ ಚುಕ್ಕಿಯೇ ನಾಪತ್ತೆ. ಪಿಸ್ತೂಲಿನ ಮೂತಿ ಒಂದೆಳೆ ಮೇಲಾದರೂ ಅದು ಕಿಟಕಿಯಿಂದ ಜಾರಿಬಿಡುತ್ತಿತ್ತು. ಮಂಚದಡಿ ಬಿದ್ದ ಓಲೆಯ ತಿರುಪು ಹುಡುಕುವವಳ ಹಾಗೆ ಅವಳು ಮಣಿಕಟ್ಟು ಅತ್ತಿತ್ತ ಆಡಿಸುವಳು. ಸಿಕ್ಕಿತೋ, ಅದನ್ನೇ ದಿಟ್ಟಿಸುವಳು. ದಿಟ್ಟಿಸಿದಷ್ಟೂ ಅದು ಕುಣಿಯುತ್ತಿತ್ತು. ಚುಕ್ಕಿ ನೋಡಬೇಡ, ದೂರದ ಗುರಿಹಾಳೆ ನೋಡು ಎಂದು ತರಬೇತಿ ಮೇಷ್ಟ್ರು ಹೇಳಿ ಹೇಳಿ ಸೋತಿದ್ದರು.

ಓರಗಿತ್ತಿಗೆ ಈ ತಾಪತ್ರಯವಿರಲಿಲ್ಲ. ಮೈದುನನ ಹೆಂಡತಿ, ಅದೇ ಮನೆ, ಅದೇ ಕಂಪನಿ. ಸೇರಿದ್ದೇ ಈಚೆಗೆ, ಹಳೆಯದನ್ನು ಕಲಿತಿದ್ದರೆ ತಾನೇ ಮರೆಯುವ ಕಷ್ಟ! ಅವಳೂ ಒಂದು ಕಣ್ಣು ಮುಚ್ಚಿಯೇ ಹೊಡೆಯುತ್ತಿದ್ದಳು, ಆದರೂ ಗುರಿ ತಪ್ಪುತ್ತಿರಲಿಲ್ಲ. ವ್ಯಾನಿನಲ್ಲಿ ಸೀಟು ಒಂದೇ. ಹೊಸ ಪಿಸ್ತೂಲಿನ ಗುರಿ ಪರೀಕ್ಷೆಯಲ್ಲಿ ಮುಂದಾದವಳಿಗೆ ಅದು, ಇನ್ನೊಬ್ಬಳು ಗೋದಾಮಿನ ಗೇಟಿಗೆ. ವ್ಯಾನಿನವಳು ಸ್ಕೂಲು ಬಿಡುವ ಹೊತ್ತಿಗೆ ಮನೆಯಲ್ಲಿರುತ್ತಾಳೆ, ಗೇಟಿನವಳು ಬರುವಾಗ ಮಕ್ಕಳು ಮಲಗಿರುತ್ತಾರೆ. ಇಬ್ಬರಿಗೂ ಮಕ್ಕಳಿದ್ದರು.

ಪರೀಕ್ಷೆಯ ದಿನ ಹಿರಿಸೊಸೆ ನೀರು ಕುಡಿದು ಬಂದು, ಮೇಜಿನ ಮೇಲೆ ಬಿಟ್ಟುಹೋಗಿದ್ದ ತನ್ನ ಪಿಸ್ತೂಲಿಗೆ ಗುಂಡು ತುಂಬಿಸಿ ಎತ್ತಿದಳು. ಸೀಟಿ ಊದಿಯಾಗಿತ್ತು. ಕಿಟಕಿಯಲ್ಲಿ ಹಾಳೆಯಿಲ್ಲ, ಗೋಡೆಯಿಲ್ಲ. ಬರೀ ಕಂದು, ನಡುವೆ ಚುಕ್ಕಿ. ಗುರಿಹಾಳೆಯ ತೂತು ಮುಚ್ಚುವ ಕಂದು ಅಂಟುಪಟ್ಟಿಯನ್ನು ಯಾರೋ ಗಾಜಿನ ಆಚೆ ಬದಿಗೆ ಮೆತ್ತಿದ್ದರು. ಯಾರೋ ಏನು ಬಂತು? ಪಕ್ಕದಲ್ಲಿ ಓರಗಿತ್ತಿ ಅತಿ ಶ್ರದ್ಧೆಯಿಂದ ಸೂರು ನೋಡುತ್ತಿದ್ದಳು. ದೂರುವಂತಿಲ್ಲ, ಎತ್ತುವ ಮೊದಲು ಆಯುಧ ಪರೀಕ್ಷಿಸದವಳು ಅಲ್ಲಿಗೇ ಫೇಲು.

ಸಿಟ್ಟಿಗೆ ಅವಳ ಮುಚ್ಚಿದ್ದ ಕಣ್ಣು ತಾನಾಗಿ ತೆರೆಯಿತು. ಎಡಗಣ್ಣು ಹಾಳೆ ಕಂಡಿತು, ಬಲಗಣ್ಣು ಚುಕ್ಕಿ ಕಂಡಿತು. ಎರಡೂ ಸೇರಿ ಚುಕ್ಕಿಯನ್ನು ಒಯ್ದು ಹಾಳೆಯ ನಟ್ಟನಡುವೆ ಇಟ್ಟವು. ಅವಳು ಒತ್ತಿದಳು. ಮತ್ತೆ ಒತ್ತಿದಳು. ತೂತುಗಳು ಒಂದರ ಮೈಮೇಲೊಂದು ಬಿದ್ದವು.

ಖಾಲಿ ಪಿಸ್ತೂಲು ತಿರುಗಿಸಿ ನೋಡಿದ ಮೇಷ್ಟ್ರು ಪಟ್ಟಿ ಯಾರದೆಂದು ಕೇಳಿದರು.

"ನಮ್ಮ ಓರಗಿತ್ತಿದು ಸಾರ್. ನನ್ನ ಕಷ್ಟ ನೋಡ್ಲಾರ್ದೆ ಅಂಟಿಸಿಕೊಟ್ಟಳು, ಪಾಪ."

ಮೇಷ್ಟ್ರು ಹಿಗ್ಗಿಹೋದರು. ದೂರಕ್ಕೆ ದೃಷ್ಟಿ ನೆಡಿಸಲು ತಾನು ಹೇಳಿಕೊಡಬೇಕೆಂದಿದ್ದ ಉಪಾಯ ಇದೇ; ಇಷ್ಟು ತಿಳಿದವಳು ತಾನೂ ಹಾಗೇ ಹೊಡೆಯಲಿ ಎಂದು ಓರಗಿತ್ತಿಯ ಗಾಜಿಗೂ ಪಟ್ಟಿ ಅಂಟಿಸಿದರು. ಬೇಡವೆಂದರೆ ಅಕ್ಕನ ಗಾಜಿಗೆ ಅದನ್ನು ನಿಜಕ್ಕೂ ಏಕೆ ಮೆತ್ತಿದಳೆಂದು ಹೇಳಬೇಕಿತ್ತು. ಅವಳು ಪಿಸ್ತೂಲು ಎತ್ತಿ, ಎಂದಿನಂತೆ ಒಂದು ಕಣ್ಣು ಮುಚ್ಚಿದಳು. ಮೊದಲ ಗುಂಡು ಚೌಕಟ್ಟಿನ ಮರಕ್ಕೆ ಹೋಯಿತು, ಎರಡನೆಯದು ಪಕ್ಕದವರ ಹಾಳೆಗೆ.

"ಅಕ್ಕಾ, ಇದ್ರಲ್ಲಿ ಏನೂ ಕಾಣ್ತಿಲ್ವಲ್ಲ" ಎಂದು ಪಿಸುಗುಟ್ಟಿದಳು.

"ಕಾಣತ್ತೆ ಕಣೇ, ಸಮಾಧಾನವಾಗಿ ನೋಡು."

ವ್ಯಾನಿನ ಸೀಟು ಯಾರಿಗೆಂಬುದು ಅಲ್ಲಿಗೆ ತೀರ್ಮಾನವಾಯಿತು. ಸಂಜೆ ಅಡುಗೆಮನೆಯಲ್ಲಿ ಓರಗಿತ್ತಿ ಬಾಗಿಲಿಗೆ ಒರಗಿ ಕೇಳಿದಳು: "ನಿಜ ಹೇಳಿ ಅಕ್ಕ, ಹೆಂಗೆ ಹೊಡೆದ್ರಿ?"

"ಹೇಳ್ಕೊಡ್ತೀನಿ. ನಿನ್ನ ಮಕ್ಕಳನ್ನೂ ಸ್ಕೂಲಿಂದ ನಾನೇ ಕರ್ಕೊಂಡು ಬರ್ತೀನಿ. ಮೊದ್ಲು ನನ್ನ ಪಾಲಿನ ಪಾತ್ರೆನೂ ತೊಳೆದಿಟ್ಟು ಬಾ."

ಓರಗಿತ್ತಿ ಅಂಗಿಯ ತೋಳು ಮಡಚಿ ಸಿಂಕಿನತ್ತ ನಡೆದಳು.