ಧಣಿಯ ದನಿ

ಗಿರಣಿ ಕೆಲಸಗಾರರ ಲೈನ್ ಮನೆಗಳಲ್ಲಿ ಎಲ್ಲರೂ ಅವನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಪಕ್ಕದ ಮನೆಯ ಕುಕ್ಕರ್ ಸೀಟಿಯಿಂದ ಹಿಡಿದು ಗಿರಣಿಯ ಸೈರನ್‌ವರೆಗೆ, ಕಿವಿಗೆ ಬಿದ್ದದ್ದೆಲ್ಲ ಅವನ ಗಂಟಲಿಗೆ ಇಳಿದು ಹಾಗೇ ವಾಪಸ್ ಬರುತ್ತಿತ್ತು. ಒಮ್ಮೆ ಊಟದ ವಿರಾಮದಲ್ಲಿ ಸೈರನ್ನಿನ ಹಾಗೆ ಕೂಗಿ, ಅರ್ಧ ಪಾಳಿಯ ಜನ ಬಾಯಲ್ಲಿದ್ದ ತುತ್ತನ್ನೂ ನುಂಗದೆ ಗೇಟಿಗೆ ಓಡುವ ಹಾಗೆ ಮಾಡಿದ್ದ.

"ನಿನ್ನ ಗಂಟ್ಲಿಗೆ ಒಂದು ಬೀಗ ಹಾಕಿಸ್ಬೇಕು ಕಣೋ" ಎಂದು ಅಕ್ಕ ಅವತ್ತು ನಗು ತಡೆದುಕೊಂಡು ಬೈದಿದ್ದಳು. ಅವಳು ನಗು ತಡೆಯುವುದಕ್ಕೂ ಕಾರಣವಿತ್ತು. ಗಿರಣಿಯ ನೂಲಿನ ಖಾತೆಯಲ್ಲಿ ದುಡಿದು ದುಡಿದು ಹತ್ತಿಯ ದೂಳೆಲ್ಲ ಅವಳ ಎದೆ ಸೇರಿತ್ತು. ನಕ್ಕರೆ ಕೆಮ್ಮು, ಕೆಮ್ಮಿದರೆ ಉಸಿರಿಲ್ಲ. ಈಗ ಬಾಗಿಲ ಬಳಿ ಬೆಳಕಿಗೆ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ತಮ್ಮನನ್ನು ಸಾಕಿದ್ದೂ ಆ ಕೋಣೆಯಲ್ಲೇ, ತಮ್ಮ ಈಗ ಅವಳನ್ನು ನೋಡಿಕೊಳ್ಳುತ್ತಿದ್ದದ್ದೂ ಅಲ್ಲೇ. ಗಿರಣಿಯ ಹಿಂಗೋಡೆಗೆ ಬೆನ್ನು ಕೊಟ್ಟು ನಿಂತ ಆ ಸಾಲಿನ ಮನೆಗಳೆಲ್ಲ ಒಂದೇ ಅಚ್ಚಿನವು. ಒಬ್ಬರ ಮನೆಯಲ್ಲಿ ಮೊಳೆ ಹೊಡೆದರೆ ಇನ್ನೊಬ್ಬರ ಮನೆಯ ಫೋಟೋ ಬೀಳುತ್ತಿತ್ತು.

ಚುನಾವಣೆ ಬಂದಾಗ ಪಕ್ಷದ ಅಭ್ಯರ್ಥಿಯ ಗಂಟಲು ಕಟ್ಟಿತು. ದೊಡ್ಡವರು, ಚಿಕ್ಕವರು ಎಲ್ಲರೂ ಆತನನ್ನು ಅಣ್ಣ ಎನ್ನುತ್ತಿದ್ದರು. ಅಣ್ಣನ ಬಾಯಿಂದ ಗಾಳಿ ಬಿಟ್ಟು ಬೇರೇನೂ ಹೊರಡದಾಗ (ಮೊದಲೂ ಅಷ್ಟೇ ಎಂದು ಎದುರು ಪಕ್ಷದವರ ಅಂಬೋಣ) ರೇಡಿಯೋನನ್ನು ಮೈಕ್ ಕಟ್ಟಿದ ಆಟೋದೊಳಗೆ ಕೂರಿಸಿ ಪರದೆ ಎಳೆದರು. ಬೀದಿ ಬೀದಿಯಲ್ಲಿ ಅಣ್ಣನ ದನಿ ಮೊಳಗಿತು. ಲೈನ್ ಮನೆಗಳ ಮುಂದೆ ಬಂದಾಗ ರೇಡಿಯೋಗೆ ಹುಮ್ಮಸ್ಸು ಜಾಸ್ತಿಯಾಗಿ, ಬರೆದುಕೊಟ್ಟದ್ದರಲ್ಲಿ ಇಲ್ಲದ ಒಂದು ಮಾತು ಸೇರಿಸಿದ: "ಈ ಮನೆಗಳ ಒಂದು ಇಟ್ಟಿಗೆ ಅಲುಗಾಡಿದರೂ ನಾನು ಅಡ್ಡ ಮಲಗುತ್ತೇನೆ!"

ಚಪ್ಪಾಳೆ ಬಿತ್ತು. ಅಣ್ಣ ಸನ್ನೆಯಲ್ಲೇ ಹೇಳಿದ: ಚೆನ್ನಾಗಿದೆ, ಇನ್ನೊಂದು ಸಲ.

ಅಣ್ಣ ಗೆದ್ದ. ಗಂಟಲೂ ಸರಿಹೋಯಿತು. ಹೂಮಾಲೆ ಒಣಗುವ ಮೊದಲೇ ಲೈನ್ ಮನೆಗಳ ಬಾಗಿಲಿಗೆ ನೋಟಿಸು ಅಂಟಿಸಿದರು. ಗಿರಣಿ ಧಣಿಗೆ ಅಲ್ಲಿ ಗೋದಾಮು ಬೇಕಾಗಿತ್ತು, ತಿಂಗಳ ಕೊನೆಗೆ ಜಾಗ ಖಾಲಿ ಆಗಬೇಕಿತ್ತು.

ನಲ್ಲಿಯ ಹತ್ತಿರ ರೇಡಿಯೋಗೆ ಉಳಿಗಾಲವಿರಲಿಲ್ಲ. "ಅಡ್ಡ ಮಲಗೋದು ಯಾವಾಗಪ್ಪಾ? ಚಾಪೆ ತರ್ಲಾ, ಹಾಸಿಗೆನೇ ಬೇಕಾ?" ಎಂದಳು ಪಕ್ಕದ ಮನೆಯ ಅಜ್ಜಿ.

"ಅದು ಅಣ್ಣ ಹೇಳಿದ್ದು ಅಜ್ಜಿ..."

"ಅಣ್ಣನ ಗಂಟ್ಲು ಕಟ್ಟಿತ್ತು ಕಣೋ. ಪರದೆ ಹಿಂದೆ ನಿನ್ನ ಚಪ್ಪಲಿ ಕಾಣ್ತಿತ್ತು. ನಾನು ಆ ದನಿಗಲ್ಲ, ಆ ಚಪ್ಪಲಿಗೆ ಓಟು ಹಾಕಿದ್ದು. ನಮ್ಮ ಹುಡುಗ ಹೇಳ್ತಿದಾನಲ್ಲ ಅಂತ."

ಅಜ್ಜಿ ಕೊಡ ಎತ್ತಿಕೊಂಡು ಹೋದಳು. ರೇಡಿಯೋನ ಕೊಡ ತುಂಬಿ ಹರಿಯುತ್ತಲೇ ಇತ್ತು.

ಪಕ್ಷದ ಕಚೇರಿಗೆ ಅವನು ದಿನವೂ ಅಲೆದ. ಅಲ್ಲಿ ಅಣ್ಣನ ಮೇಜಿನ ಮೇಲೆ ನಂಬರು ತೋರಿಸದ ಹಳೇ ಕಾಲದ ಫೋನೊಂದಿತ್ತು. ಮೊಬೈಲಿಗೆ ಕಿವಿ ಜಾಸ್ತಿ ಎಂದು ಧಣಿ ಅದಕ್ಕೇ ಫೋನ್ ಮಾಡುತ್ತಿದ್ದ. ಅದು ರಿಂಗಾದರೆ ಅಣ್ಣ ಎದ್ದು ನಿಲ್ಲುತ್ತಿದ್ದ, ಕೋಣೆಯೆಲ್ಲ ಗಪ್‌ಚುಪ್. ಆಚೆ ಕಡೆಯ ದನಿ ಒರಟು, ನಿಧಾನ. ಬೆಣಚುಕಲ್ಲಿನ ಮೇಲೆ ಖಾಲಿ ಪೆಟ್ಟಿಗೆ ಎಳೆದ ಹಾಗೆ ಇಡೀ ಕೋಣೆಗೆ ಕೇಳುತ್ತಿತ್ತು. ಎದುರು ಪಕ್ಷದ ಕಚೇರಿಯಲ್ಲೂ ಅಂಥದೇ ಫೋನು ಇದೆಯೆಂದು, ಅಲ್ಲಿಯವರೂ ಹೀಗೇ ಎದ್ದು ನಿಲ್ಲುತ್ತಾರೆಂದು ಆಟೋದವನು ಹೇಳಿದ್ದ. ಹಕ್ಕಿಗಿರುವ ಹಾಗೆ ಧಣಿಗೂ ಎರಡು ಪಕ್ಷ. ಒಂದನ್ನೇ ಬಡಿದರೆ ಹಾರುವುದು ಹೇಗೆ?

ರೇಡಿಯೋನನ್ನು ಕಂಡಾಗಲೆಲ್ಲ ಅಣ್ಣ ಹೆಗಲ ಮೇಲೆ ಕೈ ಹಾಕುತ್ತಿದ್ದ. "ನೋಡ್ತೀನಿ ಕಣೋ, ನೋಡ್ತೀನಿ." ನೋಡುತ್ತಿದ್ದದ್ದು ಮಾತ್ರ ಗಡಿಯಾರ.

"ಧಣಿ ಒಂದು ಮಾತು ಹೇಳಿದ್ರೆ ನಿಲ್ಲುತ್ತೆ" ಎಂದಳು ಅಕ್ಕ, ದಾರ ಕಚ್ಚಿ ಕತ್ತರಿಸುತ್ತ. "ಆದ್ರೆ ಅವನ ಹತ್ರ ಯಾರು ಹೇಳಿಸ್ತಾರೆ?"

ಅವಳನ್ನು ನಗಿಸಲೆಂದು ರೇಡಿಯೋ ಹೊಟ್ಟೆ ಮುಂದೆ ಮಾಡಿ, ಗಲ್ಲ ಒಳಗೆಳೆದುಕೊಂಡು, ಧಣಿಯ ದನಿಯಲ್ಲಿ "ಏನಮ್ಮಾ, ಗುಂಡಿ ಸರಿಯಾಗಿ ಹೊಲಿ" ಎಂದ. ಅಕ್ಕ ನಕ್ಕಳು, ಕೆಮ್ಮಿದಳು, ಗೋಡೆ ಹಿಡಿದುಕೊಂಡಳು. ಕೆಮ್ಮು ನಿಂತ ಮೇಲೆ ಅವಳ ಮುಖದಲ್ಲಿ ಬೇರೆಯೇ ಏನೋ ಇತ್ತು.

"ಅವನೇ ಬಂದು ನಿಂತ ಹಾಗಾಯ್ತು ಕಣೋ. ನಾನು ಎದ್ದುಬಿಡ್ತಿದ್ದೆ."

ಅಲ್ಲಿಗೆ ಅವನ ತಲೆಯೊಳಗೆ ಹುಳ ಹೊಕ್ಕಿತು.

ಮಾರನೆಯ ದಿನ ಗಿರಣಿ ಗೋಡೆಯ ಮರೆಯಲ್ಲಿ ನಿಂತು ಅವನು ಮೊಬೈಲಿನಿಂದ ಆ ಹಳೇ ಫೋನಿಗೆ ಕರೆ ಮಾಡಿದ.

"ಹೇಳಿ ಧಣಿ" ಎಂದ ಅಣ್ಣ. ಕುರ್ಚಿ ಹಿಂದೆ ಸರಿದ ಸದ್ದೂ ಕೇಳಿಸಿತು. ಎದ್ದು ನಿಂತಿದ್ದಾನೆ! ರೇಡಿಯೋ ಗಲ್ಲವನ್ನು ಇನ್ನಷ್ಟು ಒಳಗೆಳೆದುಕೊಂಡ.

"ಆ ಲೈನ್ ಮನೆ. ಸದ್ಯಕ್ಕೆ ಬೇಡ."

"ಆಯ್ತು ಧಣಿ."

ಅಷ್ಟೇ. ಅಲ್ಲಿಗೆ ನಿಲ್ಲಿಸಿದ್ದರೆ ಆಗಿಹೋಗುತ್ತಿತ್ತು. ಆದರೆ ಹುಟ್ಟಿದಾಗಿನಿಂದ ಏನು ಕೇಳಬೇಕಾದರೂ ಕಾರಣ ಕೊಟ್ಟೇ ಕೇಳಿದವನು ಅವನು: ರಜೆಗೆ ಕಾರಣ, ಸಾಲಕ್ಕೆ ಕಾರಣ, ಆಸ್ಪತ್ರೆಯಲ್ಲಿ ಚೀಟಿಗೂ ಕಾರಣ. ದನಿ ಧಣಿಯದೇ ಇತ್ತು. ಒಳಗಿನಿಂದ ಮಾತು ಮಾತ್ರ ತನ್ನದು ಬಂದುಬಿಟ್ಟಿತು. "ಅಲ್ಲ, ಅಲ್ಲಿ ಕೆಮ್ಮಿನೋರು ಇದ್ದಾರೆ, ವಯಸ್ಸಾದೋರಿದ್ದಾರೆ. ಮಳೆಗಾಲದಲ್ಲಿ ಪಾಪ ಎಲ್ಲಿಗೆ ಹೋಗ್ತಾರೆ? ಅದಕ್ಕೇ ಹೇಳ್ದೆ."

ರೇಡಿಯೋ ಫೋನ್ ಹಿಡಿದುಕೊಂಡು ಕಾದ. ದೊಡ್ಡವರು ಮೊದಲು ಇಡಲಿ, ಆಮೇಲೆ ತಾನು. ಅದೂ ಅಭ್ಯಾಸವೇ. ಎರಡೂ ಕಡೆ ಉಸಿರಾಟ ಮಾತ್ರ ಕೇಳುತ್ತಿತ್ತು.

"ಇಡಲ್ವಾ ಧಣಿ?" ಎಂದ ಅಣ್ಣ ಮೆಲ್ಲಗೆ.

"ಇಲ್ಲ, ಪರವಾಗಿಲ್ಲ, ನೀನೇ ಇಡು."

"ಲೇ ರೇಡಿಯೋ" ಎಂದಿತು ಫೋನು.

ಬೆಳಗಾಗುತ್ತಲೇ ಅಣ್ಣನ ಡ್ರೈವರ್ ಬಂದು ಕಾರಿನ ಬಾಗಿಲು ತೆಗೆದ. ಹೊಡೆಯುತ್ತಾರೆ ಎಂದುಕೊಂಡೇ ರೇಡಿಯೋ ಹತ್ತಿದ. ಕಾರು ಹೋಗಿ ನಿಂತದ್ದು ಗಿರಣಿಯ ಮಹಡಿಯ ಕಚೇರಿಯ ಕೆಳಗೆ. ಅಣ್ಣ ಅಲ್ಲಿರಲಿಲ್ಲ. ಮೇಜಿನ ಹಿಂದೆ ಧಣಿ ಒಬ್ಬನೇ ಕೂತು ಚಹಾ ಹೀರುತ್ತಿದ್ದ. ಸಣ್ಣ ಆಳು, ಅಂಥ ದನಿಗೆ ಇಷ್ಟು ಚಿಕ್ಕ ಡಬ್ಬಿಯೇ ಎನಿಸಿತು ರೇಡಿಯೋಗೆ. ಧಣಿಯ ಬೆನ್ನ ಹಿಂದಿನ ಗಾಜಿನಲ್ಲಿ ಲೈನ್ ಮನೆಗಳ ತಗಡಿನ ಸೂರುಗಳು ಕಾಣುತ್ತಿದ್ದವು.

"ಮಾಡು" ಎಂದ ಧಣಿ.

"ತಪ್ಪಾಯ್ತು ಧಣಿ..."

"ಮಾಡು ಅಂದೆ."

ರೇಡಿಯೋ ಗಲ್ಲ ಒಳಗೆಳೆದುಕೊಂಡು ಮಾಡಿದ. ಧಣಿ ಚಹಾದ ಕಪ್ಪು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಕೆಮ್ಮಿಲ್ಲದ ನಗು ಹೇಗಿರುತ್ತದೆಂದು ರೇಡಿಯೋ ಹತ್ತಿರದಿಂದ ಕೇಳಿದ.

"ದನಿ ಚೆನ್ನಾಗಿದೆ. ಆದ್ರೆ ಕಾರಣ ಕೊಟ್ಯಂತೆ? ಕಾದ್ಯಂತೆ?" ಧಣಿ ಕಣ್ಣೊರೆಸಿಕೊಂಡ. "ದಿನಾ ಬೆಳಿಗ್ಗೆ ಈ ಪಕ್ಷಕ್ಕೊಂದು, ಆ ಪಕ್ಷಕ್ಕೊಂದು ಫೋನ್ ಮಾಡಿ ಮಾಡಿ ನಂಗೂ ಸಾಕಾಗಿದೆ. ಇನ್ಮೇಲೆ ನೀನೇ ಮಾಡು. ಸಂಬಳಕ್ಕೆ ಇಟ್ಕೋತೀನಿ. ಮೊದಲು ನಿನ್ನೆ ಕೆಡಿಸಿದ್ದನ್ನ ಸರಿ ಮಾಡು. ಲೈನ್ ಮನೆ ಕೆಲಸ ನಡೀಲಿ ಅಂತ ಹೇಳು. ಅಷ್ಟೇ. ಕಾರಣ ಬೇಡ."

ಧಣಿಯೇ ನಂಬರು ಒತ್ತಿ ರಿಸೀವರ್ ಚಾಚಿದ.

ಬೇಡ ಎಂದು ಕಿರುಚಿದರೆ ಧಣಿ ತಾನೇ ಮಾತಾಡುತ್ತಾನೆ. ಹೇಳಿದರೆ ಅಕ್ಕನ ಸೂರನ್ನು ತನ್ನ ಬಾಯಿಂದಲೇ ಕಿತ್ತ ಹಾಗೆ. ರೇಡಿಯೋ ಗಾಜಿನಾಚೆ ನೋಡಿದ. ಆ ತಗಡುಗಳಲ್ಲಿ ಯಾವುದು ತಮ್ಮದೆಂದು ಮೇಲಿನಿಂದ ಗೊತ್ತಾಗಲಿಲ್ಲ.

"ಹೇಳಿ ಧಣಿ" ಎಂದ ಅಣ್ಣ. ಕುರ್ಚಿ ಸರಿಯಿತು.

ರೇಡಿಯೋ ಬಾಯಿ ತೆರೆದ. ಕುಕ್ಕರು, ಸೈರನ್ನು, ಅಣ್ಣ, ಧಣಿ, ಯಾವ ದನಿಯೂ ಬರಲಿಲ್ಲ. ಬರಲು ಅವನು ಬಿಡಲಿಲ್ಲ. ಹಲ್ಲು ಕಚ್ಚಿ ಸುಮ್ಮನೆ ನಿಂತ. ಏನಾದರಾಗಲಿ, ನಾನಂತೂ ಹೇಳುವುದಿಲ್ಲ.

"ಧಣಿ?" ಅಣ್ಣನ ದನಿ ಸಣ್ಣಗಾಯಿತು. "ಬೇಜಾರಾಗಿದ್ಯಾ ಧಣಿ? ಆ ರೇಡಿಯೋ ಮಾತನ್ನ ನಾನು ಒಂದು ಗಳಿಗೆನೂ ನಂಬಲಿಲ್ಲ, ನಮ್ಮಮ್ಮನಾಣೆ."

ರೇಡಿಯೋ ಉಸಿರು ಬಿಗಿಹಿಡಿದ.

"ಅರ್ಥ ಆಯ್ತು ಧಣಿ. ತಿಂಗಳ ಕೊನೆವರೆಗೂ ಕಾಯೋದು ಬೇಡ. ಕೆಡವೋ ಮಶೀನು ರೆಡಿ ಇದೆ. ಈಗಲೇ ಕಳಿಸ್ತೀನಿ, ಈಗಲೇ."

"ಅಣ್ಣಾ, ಬೇಡ! ನಾನು ರೇಡಿಯೋ..." ತನ್ನ ಸ್ವಂತ ದನಿಯಲ್ಲಿ ಅವನು ಕೂಗಿದ. ಅಷ್ಟರಲ್ಲಿ ಧಣಿಯ ಬೆರಳು ಫೋನಿನ ಗುಂಡಿಯ ಮೇಲೆ ಕೂತಿತ್ತು. ರಿಸೀವರಿನಲ್ಲಿ ಕುಂಯ್ ಎಂಬ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಧಣಿ ಈ ಸಲ ನಗಲಿಲ್ಲ. ಕಸುಬು ಬಲ್ಲವನು ಇನ್ನೊಬ್ಬ ಕಸುಬುದಾರನನ್ನು ನೋಡುವ ಹಾಗೆ ನೋಡಿದ. "ಪರವಾಗಿಲ್ವೇ! ಹೀಗೆ ಸುಮ್ಮನಿರೋದನ್ನ ಕಲಿಯೋಕೆ ನಂಗೆ ಎಷ್ಟು ವರ್ಷ ಹಿಡೀತು ಗೊತ್ತಾ? ನಾಳೆಯಿಂದ ಬಾ."

ರೇಡಿಯೋ ಮೆಟ್ಟಿಲಿಳಿದು, ಗೇಟು ದಾಟಿ, ಗಿರಣಿಯ ಗೋಡೆಯನ್ನು ಸುತ್ತಿಕೊಂಡು ಓಡಿದ. ಆದರೂ ಅವನು ತಲುಪುವಷ್ಟರಲ್ಲಿ ಹಳದಿ ಮಶೀನು ಸಾಲಿನ ಆ ತುದಿಯಲ್ಲಿ ಕೊಕ್ಕು ಎತ್ತಿತ್ತು. ಜನ ಪಾತ್ರೆ, ಟ್ರಂಕುಗಳ ಜೊತೆ ಬಾಗಿಲುಗಳನ್ನೂ ಕಿತ್ತು ಬೀದಿಗೆ ತರುತ್ತಿದ್ದರು. ಅಜ್ಜಿ ತನ್ನ ಮನೆಯ ಮುಂದೆ ಚಾಪೆ ಹಾಸಿ ಅಡ್ಡ ಮಲಗಿದ್ದಳು. ಪೊಲೀಸಿನವರಿಬ್ಬರು ಚಾಪೆಯ ಸಮೇತ ಅವಳನ್ನು ಎತ್ತಿ ಪಕ್ಕಕ್ಕಿಟ್ಟರು. ಅವಳು ಬೈಯಲಿಲ್ಲ. ರೇಡಿಯೋನನ್ನು ನೋಡಿ ಮುಖ ಆಚೆ ತಿರುಗಿಸಿದಳು.

ಮೊದಲ ಗೋಡೆ ಉರುಳಿ ದೂಳೆದ್ದಿತು. ಗುಂಡಿ ಹೊಲಿಯದೆ ಉಳಿದ ಅಂಗಿಗಳ ಗಂಟಿನ ಮೇಲೆ ಅಕ್ಕ ಕೂತು, ಸೆರಗನ್ನು ಮೂಗಿಗೊತ್ತಿಕೊಂಡು ಕೆಮ್ಮುತ್ತಿದ್ದಳು. ಗುಂಡಿಗಳ ಡಬ್ಬಿ ಮಗುಚಿ ನೆಲದ ತುಂಬ ಚೆಲ್ಲಿತ್ತು. ಅವನು ಮಂಡಿಯೂರಿ ಅವಳ ಬೆನ್ನು ನೀವಿದ. ಎಷ್ಟೋ ಹೊತ್ತಿನ ಮೇಲೆ ಅವಳಿಗೆ ಒಂದು ಮಾತಿಗಾಗುವಷ್ಟು ಉಸಿರು ಸಿಕ್ಕಿತು.

"ನಿಲ್ಸು ಅಂತ... ಹೇಳ್ಲಿಲ್ವೇನೋ?"

"ಹೇಳ್ಲಿಲ್ಲ ಅಕ್ಕ" ಎಂದ ರೇಡಿಯೋ. "ಏನೂ ಹೇಳ್ಲಿಲ್ಲ."

ಗುಂಡಿಗಳನ್ನು ಒಂದೊಂದಾಗಿ ಹೆಕ್ಕತೊಡಗಿದ. ಮಶೀನಿನ ಸದ್ದು ಹತ್ತಿರವಾಗುತ್ತಿತ್ತು. ಯಾವ ಸದ್ದನ್ನು ಕೇಳಿದರೂ ಗಂಟಲಿಗೆ ಇಳಿಸಿಕೊಳ್ಳುವ ಹಾಳು ಅಭ್ಯಾಸ, ಅದನ್ನೂ ಇಳಿಸಿಕೊಳ್ಳುತ್ತಿತ್ತು.