ಪ್ರತಿ ಸಲವೂ ಹಿಡಿಯುವ ಬ್ರೇಕು

ಪಶ್ಚಿಮ ವರ್ಜೀನಿಯಾದ ಆ ಗುಡ್ಡದೂರಿನಲ್ಲಿ, "ಬ್ರೇಕು ಯಾಕೋ ಗಟ್ಟಿ ಆಯ್ತು" ಎಂದು ಗೊಣಗದ ಹಳೇ ಕಾರಿನವರಿಲ್ಲ. ಗೊಣಗುತ್ತಾರೆ, ಮತ್ತೆ ಓಡಿಸುತ್ತಾರೆ. ಹಾರ್ಲನ್ ಪರ್ಡಿಯೂ ಹಾಗೇ ಓಡಿಸಿದ. ಅವನದು ಸಾವಿರದ ಒಂಬೈನೂರ ಅರವತ್ತೊಂಬತ್ತರ, ದೊಡ್ಡ ಎಂಜಿನ್ನಿನ ಹಸಿರು ಮಸಲ್ ಕಾರು. ಎಂಜಿನ್ನು ಗುಡುಗಲಿ ಎಂದು ರೇಸಿನ ಕ್ಯಾಮ್, ಅಂದರೆ ಎಂಜಿನ್ನಿನ ವಾಲ್ವು ತೆರೆಸುವ ದಂಡ, ಹಾಕಿಸಿದ್ದ. ಒಂದು ಭಾನುವಾರ ಚರ್ಚಿನಿಂದ ಮರಳುವಾಗ, ಇಳಿಜಾರಿನಲ್ಲಿ ಎರಡು ಸಲ ಹಿಡಿದ ಬ್ರೇಕು ಮೂರನೇ ಸಲ ಕಲ್ಲಾಯಿತು, ಕಾರು ನಿಲ್ಲಲಿಲ್ಲ. ಅಡ್ಡರಸ್ತೆಯಲ್ಲಿ ಬಂದ ಮರದ ದಿಮ್ಮಿಯ ಲಾರಿ ಬಡಿದು, ಪಕ್ಕದಲ್ಲಿ ಕೂತಿದ್ದ ಹೆಂಡತಿ ಆರ್ಡಿತ್ ತೀರಿಕೊಂಡಳು.

ವರ್ಷ ಕಳೆದ ಮೇಲೆ ಮಗಳು ಜನೆಲ್ ಕಾರಿನ ಮೈ ನೇರ ಮಾಡಿಸಿದಳು.

"ಅಮ್ಮನ ಇಷ್ಟದ ಕಾರು ಅಪ್ಪ. ತುಕ್ಕು ಹಿಡಿಯೋಕೆ ಬಿಡಲ್ಲ."

ಶಾಲೆಯಲ್ಲಿ ಕಾರು ರಿಪೇರಿ ಕಲಿಸುವ ನೆರೆಮನೆಯ ವರ್ನಾಳನ್ನೂ ಕರೆತಂದಳು. ವರ್ನಾ ಎಂಜಿನ್ನಿಗೆ ಗಾಳಿಯ ಎಳೆತ ಅಳೆಯುವ ಮೀಟರ್ ಸಿಕ್ಕಿಸಿ ನೋಡಿದಳು. ಮುಳ್ಳು ಸ್ವಲ್ಪವೇ ಅಲುಗಿ ನಿಂತಿತು.

"ನೋಡು ಹಾರ್ಲನ್, ಕಾಲಿನ ಒತ್ತಡಕ್ಕೆ ಬಲ ಸೇರಿಸೋ ಬ್ರೇಕಿನ ಬೂಸ್ಟರ್ ನಡೆಯೋದೇ ಎಂಜಿನ್ ಗಾಳಿ ಎಳೆಯೋ ಬಲದಿಂದ. ಈ ಕ್ಯಾಮ್ ಬಂದ್ಮೇಲೆ ಆ ಎಳೆತ ಸಾಲ್ತಿಲ್ಲ. ಬಿಟ್ಟುಬಿಟ್ಟು ಎರಡು ಸಲ ತುಳಿದ್ರೆ ಬೂಸ್ಟರ್‌ನಲ್ಲಿದ್ದ ಬಲ ಖಾಲಿ. ಬೂಸ್ಟರ್ ಇಲ್ಲದ ಡಿಸ್ಕ್ ಬ್ರೇಕ್ ಹಾಕೋಣ."

"ತಲೆ ಕೆಟ್ಟಿದೆಯಾ ನಿಂಗೆ? ಇದ್ದದ್ದು ಸಾಲ್ದೆ ಅವಳು ಹೋದ್ಲು. ಇರೋ ಆಸರೇನೂ ಕಿತ್ತಾಕ್ತೀಯಾ?"

"ಬಂದ್ರೆ ಬಂತು, ಇಲ್ದಿದ್ರೆ ಇಲ್ಲ ಅನ್ನೋದು ಆಸರೇನಾ? ಕಾಲನ್ನೇ ನಂಬಿದ್ರೆ ಪ್ರತಿ ಸಲ ಒಂದೇ ಥರ ಹಿಡಿಯುತ್ತೆ. ಹಾಗಂತ ಬೂಸ್ಟರ್ ಒಂದನ್ನ ಕಿತ್ತು ಬಿಡೋ ಹಾಗಿಲ್ಲ. ಬ್ರೇಕಿನ ಎಣ್ಣೆ ತಳ್ಳೋ ಮಾಸ್ಟರ್ ಸಿಲಿಂಡರ್ ಒಳಗೆ ಕಿರಿದಾಗಿರ್ಬೇಕು, ಪೆಡಲ್ಲಿನ ಸನ್ನೆಬಲ ಹೆಚ್ಚಿಸ್ಬೇಕು. ಆಮೇಲೂ ಜೋರಾಗೇ ತುಳೀಬೇಕು. ಇನ್ಮುಂದೆ ಓಡಿಸೋ ಜನೆಲ್ ಕಾಲಿಗೆ ಆಗ್ದಿದ್ರೆ ಬೇರೆ ದಾರಿ ಹುಡುಕೋಣ."

ಹಾರ್ಲನ್ ಬಗ್ಗಿ ಮೀಟರಿನ ಮುಳ್ಳನ್ನು ನೋಡಿದ.

"ನನ್ನ ಕಾಲಲ್ಲಿ ಕಸುವಿಲ್ಲ, ಅದಕ್ಕೇ ಅವಳು ಸತ್ಲು ಅಂದ್ಕೊಂಡಿದ್ದೆ."

"ನಿನ್ನ ಕಾಲಲ್ಲ ಹಾರ್ಲನ್."

"ಹಾಗಾದ್ರೆ ಬ್ರೇಕು ಮೊದಲ ಸಲ ಗಟ್ಟಿಯಾದಾಗ್ಲೇ ಈ ಮೀಟರ್ ಇಟ್ಟು ನೋಡಿದ್ದಿದ್ರೆ..." ಜನೆಲ್ ಅವನ ಕೈ ಹಿಡಿದುಕೊಂಡಳು.

ಹೊಸ ಬ್ರೇಕು ಹಾಕಿಸಿ, ಖಾಲಿ ಮೈದಾನದಲ್ಲಿ ಜನೆಲ್ ಮತ್ತೆ ಮತ್ತೆ ತುಳಿದು ನೋಡಿದಳು. ತೊಡೆ ಸೋತಿತು, ಕಾರು ಮಾತ್ರ ಪ್ರತಿ ಸಲವೂ ನಿಂತಿತು. ಹಾರ್ಲನ್ ತಾನಾಗಿಯೇ ಬಾಗಿಲು ತೆಗೆದು ಆರ್ಡಿತ್ ಕೂರುತ್ತಿದ್ದ ಜಾಗದಲ್ಲಿ ಕೂತ.

"ಹೊರಡು ಮಗಳೇ," ಎಂದ. ಅಳುತ್ತಿದ್ದ.

ಹಳೇ ಕಾರಿನ ಅಕ್ಕ ಅಣ್ಣಂದಿರೇ, ಬ್ರೇಕು ಒಂದೇ ಒಂದು ಸಲ ಗಟ್ಟಿಯಾದರೂ ಪರೀಕ್ಷೆ ಮಾಡಿಸದೆ ಕಾರನ್ನು ಮತ್ತೆ ರಸ್ತೆಗೆ ಇಳಿಸಬೇಡಿ. ಕ್ಯಾಮ್ ಬದಲಿಸಿದ್ದರೆ ಎಂಜಿನ್ ಗಾಳಿ ಎಳೆಯುವ ಬಲವನ್ನು ಅಳೆಸಿ. ಅದು ಸಾಲದಿದ್ದರೆ ಬೂಸ್ಟರ್ ಇಲ್ಲದ ಡಿಸ್ಕ್ ಬ್ರೇಕಿನ ಬಗ್ಗೆ ತಿಳಿದವರನ್ನು ಕೇಳಿ, ಬಿಡಿಭಾಗಗಳನ್ನು ಒಂದಕ್ಕೊಂದು ಹೊಂದಿಸಿಯೇ ಹಾಕಿಸಿ. ಆರ್ಡಿತ್‌ಳ ಪಾಲಿಗೆ ತಡವಾಯಿತು. ನಿಮ್ಮ ಪಕ್ಕದ ಸೀಟಿನವರು ಇನ್ನೂ ಇದ್ದಾರೆ.