ಬಂಡೆಯ ಎತ್ತುಗಳಿಗೆ ಬಣ್ಣ ಬೇಡ

ಹುಮನಾಬಾದಿನ ಹತ್ತಿರದ ಒಂದು ಊರು. ಅಲ್ಲಿ ಬಕ್ಕಪ್ಪನ ಹೊಲದ ಅಂಚಿಗೆ ಅಂಗಳದಷ್ಟು ಅಗಲದ ಕರಿಬಂಡೆ. ಅದರ ಮೇಲೆ ಎಂದೋ ಯಾರೋ ಕಲ್ಲಿನಿಂದ ಕುಟ್ಟಿ ಮೂಡಿಸಿದ ಉದ್ದ ಕೊಂಬಿನ ಎತ್ತುಗಳಿವೆ. ಹೋದ ವರ್ಷ ಬೀಗರು ಬಂದಾಗ ಬಕ್ಕಪ್ಪ ದೊಡ್ಡದಾಗಿ ಹೇಳಿ ಕರೆದೊಯ್ದಿದ್ದ. ನಡು ಮಧ್ಯಾಹ್ನ, ನೆತ್ತಿಯ ಬಿಸಿಲಿಗೆ ಒಂದು ಗೆರೆಯೂ ಕಾಣಲಿಲ್ಲ. ಅವರು ಚಪ್ಪಲಿ ಕಾಲಲ್ಲೇ ಬಂಡೆ ತುಂಬ ಓಡಾಡಿ, "ಎತ್ತು ಮೇಯಾಕ ಹೋಗ್ಯಾವೇನ್ರಿ?" ಎಂದು ನಕ್ಕಿದ್ದರು.

ಇವತ್ತು ಬಸವಕಲ್ಯಾಣದ ಕಾಲೇಜಿನವರು ಬರುವವರಿದ್ದರು. ಮತ್ತೆ ನಗೆಪಾಟಲಾಗಲು ಬಕ್ಕಪ್ಪ ತಯಾರಿರಲಿಲ್ಲ. ಬೆಳಿಗ್ಗೆಯೇ ಬಿಳಿ ಪೇಂಟಿನ ಡಬ್ಬಿ, ಬ್ರಷ್ ಹಿಡಿದು ಬಂದ. ತೊಗರಿ ಕೊಯ್ಯುತ್ತಿದ್ದ ಕೂಲಿಯ ಸುಮನಬಾಯಿ ಕುಡುಗೋಲು ಕೆಳಗಿಟ್ಟಳು.

"ಏನ್ ಮಾಡಾಕತ್ತೀರಿ ಅಣ್ಣಾ?"

"ಗೆರಿ ತುಂಬ್ತೀನಿ. ಎತ್ತು ಎದ್ದು ಕಾಣಬೇಕು."

"ಬ್ಯಾಡ್ರಿ. ನಮ್ಮ ತವರೂರಾಗ ವೀರಗಲ್ಲಿಗಿ ಹಿಂಗೇ ಭಕ್ತಿಲೆ ಪೇಂಟ್ ಬಳದ್ರು. ಮುಂದ ಅದನ್ನ ತೆಗೀಲಾಕ ತಂತಿ ಬ್ರಷ್ ತಂದ್ರು. ಬಣ್ಣದ ಸಂಗಡ ಕಲ್ಲಾಗಿನ ಕುದುರಿ ಕಾಲೂ ಹೋತು."

"ಹಂಗಾದ್ರ ಚಾಕ್‌ಪೀಸ್ ಹಚ್ಚಲೇನು?"

"ಅದೂ ಬ್ಯಾಡ. ತಿಕ್ಕಿದಷ್ಟು ಗೆರಿ ಸವೀತಾವ."

"ಮತ್ತ ಬಂದವ್ರಿಗಿ ಏನ್ ತೋರಿಸ್ಲಿ, ನನ್ನ ಮಾರಿನಾ?"

"ನಿಮ್ಮ ಮಾರಿ ಮಧ್ಯಾಹ್ನನೂ ಕಾಣ್ತದ. ಎತ್ತು ಹಂಗಲ್ಲ. ಹೊತ್ತು ಇಳಿಯೂತನಕ ತಡೀರಿ. ನಾ ದಿನಾ ಕೆಲಸ ಬಿಟ್ಟು ಹೋಗೂವಾಗ ನೋಡ್ತೀನಿ."

"ನನ್ನ ಹೊಲ. ನಂಗ ಗೊತ್ತಿಲ್ಲದ್ದು ನಿಂಗ ಗೊತ್ತದೇನು?"

"ನೀವು ಆಗ ಕಟ್ಟಿ ಮ್ಯಾಲ ಚಾ ಕುಡೀತಿರ್ತೀರಿ."

ಬಕ್ಕಪ್ಪ ಡಬ್ಬಿಯ ಮುಚ್ಚಳ ಒತ್ತಿ ಪಕ್ಕಕ್ಕಿಟ್ಟ. ಅರೆಮನಸ್ಸಿನಿಂದಲೇ ಕಾಲೇಜಿನ ಫರ್ಹೀನ್ ಮೇಡಂಗೆ ಫೋನ್ ಮಾಡಿದ. "ಸಂಜಿಕಿ ಬರ್ರಿ."

ಬಂದವರಿಗೆ ಸುಮನಬಾಯಿ ಬಂಡೆಯ ಹೊರಗೇ ಚಪ್ಪಲಿ ಬಿಡಿಸಿ, ಅಂಚಿನಲ್ಲಿ ನಿಲ್ಲಿಸಿದಳು. ಬಿಸಿಲು ಓರೆಯಾಯಿತು. ಗೆರೆಗಳಲ್ಲಿ ನೆರಳು ತುಂಬಿತು. ಮೊದಲು ಒಂದು ಕೊಂಬು, ಆಮೇಲೆ ಬೆನ್ನ ಮೇಲಿನ ಹಿಣಿಲು, ನೋಡನೋಡುತ್ತಲೇ ಎತ್ತುಗಳ ಸಾಲೇ ಎದ್ದು ನಿಂತಿತು. ಹುಡುಗರು ಒಬ್ಬರಿಗೊಬ್ಬರು ಬೆರಳು ಮಾಡಿ ತೋರಿಸತೊಡಗಿದರು. ಬಕ್ಕಪ್ಪನ ಎದೆ ಉಬ್ಬಿತು. ಅರವತ್ತು ವರ್ಷ ಉತ್ತ ಹೊಲದಲ್ಲಿ ಅವನು ಇದನ್ನು ಹೀಗೆ ಕಂಡೇ ಇರಲಿಲ್ಲ.

"ನಮಗ ತಿಳಿಸಿ ಹೇಳ್ರಿ ಕಾಕಾ" ಎಂದರು ಮೇಡಂ.

"ಹೊಲ ನಂದ್ರಿ. ಇದನ್ನ ನೋಡೂದು ಮಾತ್ರ ಸುಮನಬಾಯಿಗಿ ಗೊತ್ತದ. ಆಕಿನ್ನ ಕೇಳ್ರಿ."

ಸುಮನಬಾಯಿ ಸೆರಗು ಸರಿಮಾಡಿಕೊಂಡಳು. ಮುಟ್ಟದೆ, ದೂರದಿಂದಲೇ ಬೆರಳು ತೋರಿಸಿದಳು. "ಆ ದೊಡ್ಡದರ ಹಿಂದ ಸಣ್ಣ ಕರಾ ಅದ. ಬಗ್ಗಿ ನೋಡ್ರಿ."

ಇಪ್ಪತ್ತು ಕತ್ತುಗಳು ಒಟ್ಟಿಗೆ ಬಗ್ಗಿದವು. ಬಕ್ಕಪ್ಪನದೂ.

ನಿಮ್ಮೂರಿನ ಗುಡ್ಡದಲ್ಲೋ ಹೊಲದಲ್ಲೋ ಇಂಥ ಕಲ್ಲು ಇದ್ದೀತು. ನೋಡಲು ಹೋಗುವ ಮುನ್ನ ಅಲ್ಲಿಯವರನ್ನು ಕೇಳಿ. ಗೆರೆ ತುಳಿಯಬೇಡಿ, ಬಣ್ಣ ಹಚ್ಚಬೇಡಿ. ಕೆತ್ತಿದವರು ತಮ್ಮ ಹೆಸರನ್ನೇ ಬರೆದುಕೊಂಡಿಲ್ಲ, ನೀವೂ ಬರೆಯಬೇಡಿ.